ಈರಮ್ಮ ಕಾಲು ಮಡಿಸಬಾರದು

ತೆರಕಣಾಂಬಿ
29-12-1997

ಅತ್ತಿಗೆಯವರಿಗೆ ದೇವಮ್ಮಣ್ಣಿ ಬರೆಯುವುದು.

ಕ್ಷೇಮ ಕೇಳಿ ಬರೆಯುತ್ತಿರುವ ಕಾಗದ ಇದಲ್ಲ. ನನ್ನ ಹೆತ್ತವ್ವ ಈರಮ್ಮ ನಿಮ್ಮ ಹಿತ್ತಿಲ ಕಲ್ಲಿನ ಮೇಲೆ ಜಾರಿಬಿದ್ದು, ಸೊಂಟ ಮುರಿದುಕೊಂಡು, ಮೈಸೂರಿನ ಆಸ್ಪತ್ರೆಗೆ ಹೋಗಿ, ಕೊಯ್ಸಿಕೊಂಡು, ತೊಡೆಮೂಳೆಯ ತಲೆ ತೆಗೆಸಿ ಸ್ಟೀಲಿನ ಗುಂಡು ಹಾಕಿಸಿಕೊಂಡು, ಹೊಲಿಗೆ ಬಿಚ್ಚುವ ಹೊತ್ತಿಗೆ ನನಗೆ ಸುದ್ದಿ ಬಂತು. ಒಬ್ಬಳೇ ಮಗಳು ನಾನು. ಚಾಮರಾಜನಗರಕ್ಕೂ ತೆರಕಣಾಂಬಿಗೂ ನಡುವೆ ಸಮುದ್ರ ಅಡ್ಡ ಇದೆಯೇ? ಅಣ್ಣನಿಗಾದರೂ ಬಂಡೀಪುರದ ಕಾಡು ಕಾಯುವ ಕೆಲಸ. ಮನೆಯಲ್ಲಿದ್ದ ನಿಮಗೆ ಏನು ಬಂದಿತ್ತು?

ಮೊನ್ನೆ ನಿಮ್ಮಲ್ಲಿಗೆ ಬಂದಿದ್ದ ದೊಡ್ಡಮಲ್ಲಪ್ಪ ಮಾವ ನಮ್ಮ ಜಗಲಿಯ ಮೇಲೆ ಕೂತು ಕಣ್ಣೊರೆಸಿಕೊಂಡರು. "ನಮ್ಮಕ್ಕುನ್ನ ನೋಡಕ್ಕಾಗಲ್ಲ ಕಣಮ್ಮಿ. ಕೈಗೊಂದು ಕಬ್ಣುದ್ ಚೌಕಟ್ಟು ಕೊಟ್ಬುಟ್ಟು ನಡಿ ನಡಿ ಅಂತ ಸೊಸೆ ಇಂದ್ಗಡೆ ನಿಂತವಳೆ. ಮುದ್ಕಿ ಬಡ್ಕತದೆ, ಇವ್ಳು ಬುಡಲ್ಲ" ಅಂದರು. ಕುರ್ಚಿಗೆ ತೂತು ಕೊಯ್ಸಿ, ಕೆಳಗೆ ಬಕೆಟ್ಟಿಟ್ಟು, ಮಂಚದ ಪಕ್ಕದಲ್ಲೇ ನಿಲ್ಲಿಸಿದ್ದೀರಂತೆ. ಕೊರಳಲ್ಲಿ ಲಿಂಗ ಕಟ್ಟಿದ ಹೆಂಗಸು ಅವಳು! ಲಿಂಗಪೂಜೆಯನ್ನೂ ಕುರ್ಚಿಯ ಮೇಲೆ, ಕಾಲು ನೇತುಬಿಟ್ಟು, ಬಸ್ಸಿಗೆ ಕಾಯುವವರ ಹಾಗೆ ಮಾಡಿಸುತ್ತಿದ್ದೀರಂತೆ. ನೀವು ಶಾಲೆಯ ಮೇಡಂ ಇರಬಹುದು. ನನ್ನವ್ವ ನಿಮ್ಮ ಕ್ಲಾಸಿನ ಹುಡುಗಿಯಲ್ಲ.

ಇನ್ನು ಮುಂದಿನದು ಅವ್ವನಿಗೆ. ಅವಳಿಗೆ ಅಕ್ಷರ ಬಾರದು, ನೀವೇ ಓದಿ ಹೇಳಬೇಕು. ನಡುವೆ ನುಂಗುತ್ತೀರಿ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಅವ್ವಾ, ಅಪ್ಪನನ್ನು ಮಣ್ಣು ಮಾಡುವಾಗ ಕಾಲು ಮಡಿಸಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು ಕಳಿಸಿದ್ದು ನೀನೇ ನೋಡಿದ್ದೀಯ. ಅವರ ಪಕ್ಕದಲ್ಲೇ ನಿನ್ನ ಜಾಗ ಅಂತ ಎಷ್ಟು ಸಲ ಹೇಳಿದ್ದೀಯ. ಈಗ ನಿನ್ನ ಕಾಲೇ ಮಡಿಸಬಾರದಂತಲ್ಲ, ನಾಳೆ ನಿನ್ನನ್ನು ಹೇಗವ್ವಾ ಕೂರಿಸುವುದು? ಇದನ್ನು ಯಾರಾದರೂ ಯೋಚನೆ ಮಾಡಿದರೇ?

ದೇವಮ್ಮಣ್ಣಿ

*

ಚಾಮರಾಜನಗರ
4-1-1998

ದೇವಮ್ಮಣ್ಣಿಗೆ,

ನಿನ್ನ ಕಾಗದ ತಲುಪಿತು. ಅತ್ತೆಯ ಮುಂದೆ ಓದಿದೆ. ನನ್ನನ್ನು ಬೈದದ್ದನ್ನೆಲ್ಲ ಸ್ಪಷ್ಟವಾಗಿ, ನಿಲ್ಲಿಸಿ ನಿಲ್ಲಿಸಿ ಓದಿದೆ. ಕೊನೆಯ ನಾಲ್ಕು ಸಾಲು ಓದಲಿಲ್ಲ. ಹೊಲಿಗೆ ಮಾಯುತ್ತಿರುವ ಮುದುಕಿಗೆ ಗುಂಡಿಯಲ್ಲಿ ಕೂರುವ ಮಾತು ಬರೆಯುತ್ತಾರೆಯೇ? ನಿನ್ನ ನಾಲಿಗೆಗೆ ಎಲುಬಿಲ್ಲ ಅಂತ ಗೊತ್ತಿತ್ತು, ಪೆನ್ನಿಗೂ ಇಲ್ಲ.

ಡಾಕ್ಟರು ನಮ್ಮ ಮುಂದೆ ಎರಡು ದಾರಿ ಇಟ್ಟರು. ಹಾಗೇ ಮಲಗಿಸಿ ಬೆನ್ನು ಹುಣ್ಣಾಗಿ ಸಾಯಲು ಬಿಡಿ, ಇಲ್ಲ ಕೀಲು ಬದಲಾಯಿಸಿ ನಡೆಸಿ ಅಂದರು. ನಡೆಸುತ್ತಿದ್ದೇನೆ. ಬಡಿದುಕೊಳ್ಳುತ್ತಾರೆ, ನಿಜ. ಬಿಟ್ಟರೆ ಕಾಲು ಸೆಟೆದುಕೊಳ್ಳುತ್ತದೆ ಅಂತ ವ್ಯಾಯಾಮ ಹೇಳಿಕೊಟ್ಟ ಹುಡುಗ ಎಚ್ಚರಿಸಿದ್ದಾನೆ. ಮೊದಲ ದಿನ ಮೂರು ಹೆಜ್ಜೆ. ಈಗ ನಡುಮನೆಯಿಂದ ಬಾಗಿಲವರೆಗೆ ಬರುತ್ತಾರೆ.

ಕೆಳಗೆ ಕೂರಬಾರದು, ಕುಕ್ಕರಗಾಲು ಹಾಕಬಾರದು, ಚಕ್ಕಳಮಕ್ಕಳ ಹಾಕಬಾರದು, ಕಾಲ ಮೇಲೆ ಕಾಲು ಬರಬಾರದು. ಮಡಿಸಿದರೆ ಗುಂಡು ಬಟ್ಟಲು ಬಿಟ್ಟು ಆಚೆ ಬರುತ್ತದೆ. ಅದಕ್ಕೇ ಆ ಕುರ್ಚಿ, ಅದಕ್ಕೇ ಆ ತೂತು. ಬಕೆಟ್ಟು ಎತ್ತಿ ಹಾಕುವವಳು ನಾನು, ದೊಡ್ಡಮಲ್ಲಪ್ಪ ಮಾವ ಅಲ್ಲ. ಬೇಸರವಾಗುವುದಿದ್ದರೆ ಮೊದಲು ನನಗಾಗಬೇಕು.

ತಡವಾಗಿ ತಿಳಿಸಿದ್ದು ನನ್ನ ತಪ್ಪು ಅಂತಲೇ ಇಟ್ಟುಕೋ.

ಗಂಗಾಂಬಿಕೆ

*

ತೆರಕಣಾಂಬಿ
2-2-1998

ಅತ್ತಿಗೆಯವರಿಗೆ,

ಶಿವರಾತ್ರಿಗೆ ಅವ್ವನನ್ನು ಹದಿನೈದು ದಿನ ಇಲ್ಲಿಗೆ ಕಳಿಸಿ. ಅಣ್ಣ ಒಪ್ಪಿದ್ದಾನೆ, ಬಾಡಿಗೆ ಕಾರು ಮಾಡಿಕೊಂಡು ಬರುತ್ತಾನಂತೆ. ನಿಮ್ಮ ಒಪ್ಪಿಗೆ ಕೇಳಲು ಬರೆದದ್ದಲ್ಲ, ತಿಳಿಸಲು ಬರೆದದ್ದು. ಮೊದಲೇ ತಿಳಿಸುವ ಪದ್ಧತಿ ನಮ್ಮ ಮನೆಯಲ್ಲಿದೆ.

ದೇವಮ್ಮಣ್ಣಿ

*

ಚಾಮರಾಜನಗರ
19-2-1998

ದೇವಮ್ಮಣ್ಣಿಗೆ,

ಅತ್ತೆಯ ಜೊತೆಯಲ್ಲೇ ಈ ಕಾಗದ, ವಾಕರು, ಕಾಲುಗಳ ನಡುವೆ ಇಡುವ ದಿಂಬು, ರಬ್ಬರ್ ಚಪ್ಪಲಿ, ಎತ್ತರದ ಕುರ್ಚಿ ಕಳಿಸಿದ್ದೇನೆ. ತೂತಿನ ಕುರ್ಚಿಯೂ ಇದೆ. ಮೂಗು ಮುಚ್ಚಿಕೊಂಡಾದರೂ ಬಳಸು.

ಬೆಳಿಗ್ಗೆ ಸಂಜೆ ನಡೆಸಬೇಕು. ಎರಡೂ ಕೈ ವಾಕರಿನ ಮೇಲಿರಲಿ. ಅತ್ತೆ ಆಸೆ ತೋರಿಸಿ ಮರುಳು ಮಾಡುತ್ತಾರೆ, "ಒಂದ್ಗಳ್ಗೆ ಕೆಳಕ್ಕೆ ಕೂರ್ಸಮ್ಮಿ, ಬೆನ್ನು ಇಡ್ಕಂಡದೆ" ಅನ್ನುತ್ತಾರೆ. ಒಂದು ಗಳಿಗೆಯೂ ಬೇಡ. ಮೂರು ತಿಂಗಳು ತುಂಬುವವರೆಗೆ ಬಹಳ ಜೋಪಾನ ಅಂದಿದ್ದಾರೆ ಡಾಕ್ಟರು.

ಈಗ ಬೀದಿಯ ತುದಿಯ ಅಂಗಡಿವರೆಗೆ ನಡೆಯುತ್ತಾರೆ. ಅಷ್ಟನ್ನಾದರೂ ವಾಪಸು ಕಳಿಸು.

ಗಂಗಾಂಬಿಕೆ

*

ತೆರಕಣಾಂಬಿ
2-3-1998

ಅತ್ತಿಗೆಯವರಿಗೆ,

ಆಸ್ಪತ್ರೆಯಲ್ಲಿ ನೀವು ನನ್ನನ್ನು ನೋಡಿದ ನೋಟ ಈ ಜನ್ಮಕ್ಕೆ ಮರೆಯುವುದಿಲ್ಲ. ವಾರ್ಡಿನ ಜನರೆಲ್ಲ ತಿರುಗಿ ನೋಡಿದರು. ಕಳ್ಳಿಯೇ ನಾನು?

ಅಣ್ಣನಿಗೂ ಡಾಕ್ಟರಿಗೂ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಕೇಳಿ. ಶಿವರಾತ್ರಿಯ ದಿನ ಬೆಳಿಗ್ಗೆ ನೀವು ಅಪ್ಪಣೆ ಕೊಡಿಸಿದ ಹಾಗೇ ಅವ್ವನನ್ನು ಆ ಚೌಕಟ್ಟು ಹಿಡಿಸಿ ನಡುಮನೆಯಲ್ಲಿ ನಡೆಸುತ್ತಿದ್ದೆ. ನಾಲ್ಕು ಹೆಜ್ಜೆ ಇಟ್ಟಳು. ಅಷ್ಟರಲ್ಲೇ ಲಟಕ್ಕಂತ ಸದ್ದಾಯಿತು. ಕಾಲು ಗಿಡ್ಡವಾಗಿ ಒಳಮುಖ ತಿರುಗಿಕೊಂಡಿತು. ಅವ್ವನ ಆ ಕೂಗಿಗೆ ಓಣಿಯ ಜನವೆಲ್ಲ ಬಂದರು. ಗುಂಡ್ಲುಪೇಟೆ ಆಸ್ಪತ್ರೆಯವರು ನೋಡಿ, ಗುಂಡು ಕೀಲು ಬಿಟ್ಟಿದೆ ಅಂತ ಮೈಸೂರಿಗೆ ಕಳಿಸಿದರು. ಮತ್ತೆ ಮಂಪರು ಕೊಟ್ಟು ಎಳೆದು ಕೂರಿಸಿದ್ದು ನಿಮಗೇ ಗೊತ್ತು.

ನಡೆಸಿ ನಡೆಸಿ ಸಡಿಲ ಮಾಡಿದವರು ನೀವು. ನನ್ನ ಮನೆಯಲ್ಲಿ ಬಿಟ್ಟುಕೊಂಡಿತು, ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ನನ್ನ ಮೇಲೆ ಹಾಕಬೇಡಿ.

ದೇವಮ್ಮಣ್ಣಿ

*

ಚಾಮರಾಜನಗರ
9-3-1998

ದೇವಮ್ಮಣ್ಣಿಗೆ,

ಇದನ್ನು ಕೂತು ಓದು. ಬೈಯುವುದನ್ನು ಆಮೇಲೆ ಇಟ್ಟುಕೋ.

ನಿನ್ನಣ್ಣನ ಜೊತೆ ಮತ್ತೆ ಮೈಸೂರಿಗೆ ಹೋಗಿದ್ದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರು ಹೇಳಿದ್ದು ಇಷ್ಟು. ಕಾಲು ಮಡಿಸಿ ಕೂತು ಗುಂಡು ಆಚೆ ಬಂದಿದ್ದರೆ ಹೆದರಬೇಕಾಗಿಲ್ಲ, ಸೊಂಟಕ್ಕೆ ಪಟ್ಟಿ ಕಟ್ಟಿ ಜೋಪಾನ ಮಾಡಿದರೆ ಸಾಕು. ಆದರೆ ನೆಟ್ಟಗೆ ನಿಂತು ನಡೆಯುವಾಗಲೇ ಬಂದಿದ್ದರೆ ಒಳಗೆ ಕೂರಿಸಿದ್ದೇ ಓರೆಯಾಗಿರಬೇಕು, ಎಕ್ಸ್‌ರೇಯಲ್ಲಿ ಅದು ಸರಿಯಾಗಿ ತಿಳಿಯುವುದಿಲ್ಲ. ಹಾಗಿದ್ದರೆ ಮತ್ತೆ ಕೊಯ್ದು, ಇರುವುದನ್ನು ಕಿತ್ತು, ಹೊಸದು ಹಾಕಬೇಕು. ಎರಡನೆಯ ಸಲ ಮೊದಲಿನಷ್ಟು ಸುಲಭವಲ್ಲ. ಅತ್ತೆಗೆ ಎಪ್ಪತ್ತೆರಡು. ಬಿ.ಪಿ. ಇದೆ, ಸಕ್ಕರೆ ಇದೆ. ಮಂಪರಿನಿಂದ ಏಳದೇ ಹೋಗಬಹುದು ಅಂತ ನಮ್ಮ ಮುಖಕ್ಕೇ ಹೇಳಿದರು.

ನೀನು ನಡೆಯುವಾಗ ಅಂದಿದ್ದೀಯ. ಆದ್ದರಿಂದ ಆಪರೇಷನ್ನಿಗೆ ಮಂಗಳವಾರ ಇಪ್ಪತ್ತನಾಲ್ಕನೇ ತಾರೀಖು ಗೊತ್ತಾಗಿದೆ.

ಈಗ ನನ್ನ ಪ್ರಶ್ನೆ. ಗುಂಡ್ಲುಪೇಟೆ ಆಸ್ಪತ್ರೆಗೆ ನಿನ್ನಣ್ಣ ಓಡಿ ಬಂದಾಗ ಅತ್ತೆಯ ಎಡ ಮುಷ್ಟಿಯಲ್ಲಿ ಲಿಂಗ ಇತ್ತಂತೆ, ಬಿಡಿಸಲು ಹೋದರೂ ಬಿಡಲಿಲ್ಲವಂತೆ. ವಾಕರು ಹಿಡಿದು ನಡೆಯುವವರಿಗೆ ಎರಡೂ ಕೈ ಬೇಕು. ಮೂರನೆಯ ಕೈ ಎಲ್ಲಿಂದ ಬಂತು ದೇವಮ್ಮಣ್ಣಿ?

ನಿಜ ಹೇಳು. ನನಗಾಗಿ ಬೇಡ, ಅತ್ತೆಯ ಕಾಲಿಗಾಗಿ ಹೇಳು.

ಗಂಗಾಂಬಿಕೆ

*

ತೆರಕಣಾಂಬಿ
13-3-1998

ಅತ್ತಿಗೆಯವರಿಗೆ,

ಏನು ಪೊಲೀಸ್ ಸ್ಟೇಷನ್ ಇಟ್ಟುಕೊಂಡಿದ್ದೀರಾ? ಲಿಂಗವಂತರ ಮನೆಯ ಹೆಂಗಸಿನ ಕೈಯಲ್ಲಿ ಲಿಂಗ ಇರದೆ ಸೌಟು ಇರುತ್ತದೆಯೇ? ಜೀವ ಹೋಗುವ ನೋವಿನಲ್ಲಿ ಕೊರಳಿನದನ್ನು ತೆಗೆದು ಹಿಡಿದುಕೊಂಡಳು, ಅದಕ್ಕೂ ನಿಮಗೆ ಲೆಕ್ಕ ಒಪ್ಪಿಸಬೇಕೇ?

ನನ್ನನ್ನು ಕೇಳುವುದೇಕೆ, ಅವ್ವ ನಿಮ್ಮ ಮನೆಯಲ್ಲೇ ಮಲಗಿದ್ದಾಳಲ್ಲ. ಅವಳನ್ನೇ ಕೇಳಿ. ಅವಳು ಸುಳ್ಳು ಹೇಳುವವಳಲ್ಲ.

ಡಾಕ್ಟರು ಓರೆಯಾಗಿ ಕೂರಿಸಿದ್ದರೆ ನೆಟ್ಟಗೆ ಮಾಡಲಿ. ಕಲಿತವರು ಅವರು, ಅವರಿಗೆ ಗೊತ್ತಾಗುವುದಿಲ್ಲವೇ? ನನ್ನ ಮೇಲೆ ತಪ್ಪು ಹೊರಿಸುವವರೆಗೆ ನಿಮಗೆ ಅನ್ನ ಇಳಿಯುವುದಿಲ್ಲ ಅಂತ ಕಾಣುತ್ತದೆ.

ದೇವಮ್ಮಣ್ಣಿ

*

ಚಾಮರಾಜನಗರ
17-3-1998

ದೇವಮ್ಮಣ್ಣಿಗೆ,

ಕೇಳಿದೆ. "ನಡೀತಿದ್ದೆ ಕಣವ್ವ, ಬಂದ್ಬುಡ್ತು" ಅಂದರು. ಇನ್ನೊಂದು ಸಲ ಕೇಳಿದೆ. ಗೋಡೆಯ ಕಡೆ ತಿರುಗಿಕೊಂಡು "ಎಷ್ಟ್ಸಲ ಕೇಳೀಯೆ, ಕುಯ್ಲಿ ಬುಡು, ಸತ್ರೆ ಸತ್ತೆ" ಅಂದರು. ಎಪ್ಪತ್ತೆರಡು ವರ್ಷ ಸುಳ್ಳು ಹೇಳದ ಹೆಂಗಸಿಗೆ ಸುಳ್ಳು ಹೇಳುವುದೂ ನೆಟ್ಟಗೆ ಬರುವುದಿಲ್ಲ.

ಯಾರನ್ನು ಕಾಪಾಡಲು ಹೇಳುತ್ತಿದ್ದಾರೆ ಅಂತ ನನಗೂ ಗೊತ್ತು, ನಿನಗೂ ಗೊತ್ತು. ನಾನು ಡಾಕ್ಟರಿಗೆ ಅನುಮಾನ ಹೇಳಿದೆ. "ಕಂಡವರು ಹೇಳಬೇಕಮ್ಮ, ನಿಮ್ಮ ಊಹೆಯ ಮೇಲೆ ನಾನು ಹೇಗೆ ಬಿಡಲಿ? ನಾಳೆ ಬಚ್ಚಲಲ್ಲಿ ನಿಂತಲ್ಲೇ ಬಿಟ್ಟುಕೊಂಡರೆ?" ಅಂದರು. ಅವರದೂ ನಿಜ.

ಸೋಮವಾರ ಹತ್ತು ಗಂಟೆಗೆ ಇಲ್ಲಿಂದ ಹೊರಡುತ್ತೇವೆ. ಅಷ್ಟರೊಳಗೆ ನೀನು ಬರೆಯದಿದ್ದರೆ ಅವರನ್ನು ಮೇಜಿನ ಮೇಲೆ ಮಲಗಿಸುವುದು ಡಾಕ್ಟರಲ್ಲ.

ಗಂಗಾಂಬಿಕೆ

*

ತೆರಕಣಾಂಬಿ
20-3-1998

ಅತ್ತಿಗೆಯವರಿಗೆ,

ಫೋನು ಮಾಡಲು ಎಸ್.ಟಿ.ಡಿ. ಬೂತಿನವರೆಗೆ ಹೋದೆ. ನಿಮ್ಮ ಪಕ್ಕದ ಮನೆಯವರು ಎತ್ತಿಕೊಂಡರು. ಅವರ ಕಿವಿಗೆ ಹೇಳುವ ಮಾತಲ್ಲ, ಇಟ್ಟುಬಿಟ್ಟೆ. ಹಾಳಾಗಲಿ, ಬರೆಯುತ್ತೇನೆ.

ಅವ್ವ ನಡೆಯುತ್ತಿರಲಿಲ್ಲ. ಕೆಳಗೆ ಕೂತಿದ್ದಳು. ಕೂರಿಸಿದವಳು ನಾನು.

ಬಂದ ಎರಡನೆಯ ದಿನವೇ ನಾನು ಅವಳನ್ನು ಕೇಳಿದೆ, ಗುಂಡಿಯಲ್ಲಿ ಕೂರುವ ವಿಷಯ ಬರೆದಿದ್ದೆನಲ್ಲ ಅವ್ವ, ಏನಂದುಕೊಂಡೆ ಅಂತ. ಅವಳಿಗೆ ಗೊತ್ತೇ ಇರಲಿಲ್ಲ. ಆಗ ನಾನೇ ಬಾಯಿಬಿಟ್ಟು ಹೇಳಿದೆ. ನೀವು ನುಂಗಿದ್ದೀರಿ ಅಂತ ತೋರಿಸಬೇಕಿತ್ತು ನನಗೆ, ಅಷ್ಟೇ. ಅವ್ವ ಆ ದಿನ ಊಟ ಮಾಡಲಿಲ್ಲ. ಆಮೇಲೆ ದಿನಾ ಅದೇ ಮಾತು. "ಕಾಲು ಮಡಚ್ದೇ ಓದ್ರೆ ನನ್ನ ಉದ್ದುಕ್ಕೆ ಮನುಗ್ಸಿ ಮುಚ್ಬುಡ್ತೀರ ಅಮ್ಮಿ? ನಿಮ್ಮಪ್ಪುನ್ ಮಗ್ಗುಲಲ್ಲಿ ನಾನೊಬ್ಳು ಬಿದ್ಕಂಡಿರದಾ?" ಅನ್ನುತ್ತಿದ್ದಳು.

ಶಿವರಾತ್ರಿಯ ಬೆಳಿಗ್ಗೆ ಸ್ನಾನ ಮಾಡಿಸಿದೆ. ವಿಭೂತಿ ಹಚ್ಚಿಕೊಂಡಳು. "ಒಂದ್ಸಲ ಕೂತ್ ನೋಡ್ಬುಡನ ಕಣಮ್ಮಿ. ಕೂರಕ್ಕಾದ್ರೆ ನಂಗೆ ಧೈರ್ಯ" ಅಂದಳು. ನೀವು ಹೇಳಿದ್ದು ಅಕ್ಷರ ಅಕ್ಷರ ನೆನಪಿತ್ತು. ನೆನಪಿದ್ದದ್ದಕ್ಕೇ ಹಠ ಬಂತು. ಹೆತ್ತ ಮಗಳಿಗಿಂತ ಇವರಿಗೆ ಹೆಚ್ಚು ಗೊತ್ತೇ ಅಂತ. ಮಣೆ ಹಾಕಿದೆ, ತೋಳು ಹಿಡಿದು ಇಳಿಸಿದೆ. ಒಳ್ಳೆಯ ಕಾಲು ತಾನೇ ಮಡಿಸಿಕೊಂಡಳು. ಇನ್ನೊಂದನ್ನು ಹಿಡಿದು ನಾನೇ ಮಡಿಸಿ ಒಳಕ್ಕೆ ಸೇರಿಸಿದೆ. ಕೂತಳು, ಅತ್ತಿಗೆ. ಲಿಂಗ ಕೈಗೆ ತೆಗೆದುಕೊಂಡು ನನ್ನ ಮುಖ ನೋಡಿ ನಕ್ಕಳು. ನೀರು ಹಾಕಲು ಮುಂದಕ್ಕೆ ಬಾಗಿದಳು, ಆಗ ಬಿಟ್ಟುಕೊಂಡಿತು.

ಜನ ಬರುವ ಮೊದಲು ಅವ್ವನೇ ನನ್ನ ಸೆರಗು ಜಗ್ಗಿ, "ನಡೀತಿದ್ದೆ ಅನ್ನು, ಅವ್ಳ್ ಮುಂದೆ ನಿಂಗೆ ತಲೆತಗ್ಸಕ್ಕೆ ನಾ ಬುಡಲ್ಲ" ಅಂದಳು. ನಾನು ಅಂದೆ. ಒಂದು ಸಲ ಅಂದ ಮೇಲೆ ಬಾಯಿಗೆ ರೂಢಿಯಾಯಿತು.

ಈ ಕಾಗದವನ್ನು ಡಾಕ್ಟರಿಗೆ ತೋರಿಸಿ. ನಿಮ್ಮ ಕಾಲಿಗೆ ಬೀಳುತ್ತಿದ್ದೇನೆ ಅಂದುಕೊಳ್ಳಬೇಡಿ. ಅವ್ವನನ್ನು ಕೊಯ್ಯಬಾರದು, ಅಷ್ಟೇ.

ದೇವಮ್ಮಣ್ಣಿ

*

ಚಾಮರಾಜನಗರ
25-3-1998

ದೇವಮ್ಮಣ್ಣಿಗೆ,

ಸೋಮವಾರ ಕಾರು ಬಾಗಿಲಲ್ಲಿ ನಿಂತು, ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಯೂ ಆಗಿತ್ತು. ಅಂಚೆಯವನು ಸೈಕಲ್ಲು ಇಳಿದು ಕೊಟ್ಟ. ನಂಜನಗೂಡು ದಾಟುವಷ್ಟರಲ್ಲಿ ನಾಲ್ಕು ಸಲ ಓದಿದ್ದೆ. ಅಲ್ಲೇ ಕಾರಿನಿಂದ ಇಳಿದು ನಿನ್ನ ಊರಿಗೆ ಬಂದು ನಿನ್ನ ಜುಟ್ಟು ಹಿಡಿಯಬೇಕು ಅನ್ನಿಸಿತು. ಸುಳ್ಳಲ್ಲ.

ಡಾಕ್ಟರು ಓದಿಸಿಕೊಂಡು ಕೇಳಿದರು. ಯಾವ ಕಾಲು, ಎಷ್ಟು ಮಡಿಸಿದ್ದು, ಬಾಗಿದ್ದು ಎತ್ತ ಅಂತೆಲ್ಲ ನಿನ್ನ ಕಾಗದದಲ್ಲೇ ಇತ್ತು. "ಇದು ಕೂತು ಬಂದದ್ದು. ನನ್ನ ಗುಂಡು ಸರಿಯಾಗಿದೆ" ಅಂದವರೇ ಆಪರೇಷನ್ ಬೇಡ ಅಂದರು. ಸೊಂಟಕ್ಕೂ ತೊಡೆಗೂ ಸೇರಿಸಿ ಒಂದು ಪಟ್ಟಿ ಕೊಟ್ಟಿದ್ದಾರೆ. ನಾಳೆಯಿಂದಲೇ ನಡೆಸಬೇಕಂತೆ. ಒಂದು ತಿಂಗಳು ಮಲಗಿದ ಕಾಲು ಕಡ್ಡಿಯಾಗಿದೆ, ಈಗ ನಡೆಸದಿದ್ದರೆ ಇನ್ನು ನಡೆಯುವುದೇ ಇಲ್ಲವಂತೆ.

ಮನೆಗೆ ಬಂದ ಮೇಲೆ ನಿನ್ನ ಕಾಗದವನ್ನು ಅತ್ತೆಗೆ ಓದಿದೆ. ಈ ಸಲ ಒಂದು ಅಕ್ಷರ ಬಿಡಲಿಲ್ಲ. ಆಮೇಲೆ ಏನಂದರು ಗೊತ್ತೇ? "ಅವ್ಳು ನನ್ನ ಮಗ್ಳು. ನಾನು ಇನ್ನೊಂದ್ಸಲ ಕುಯ್ಸ್ಕತಿದ್ದೆ, ಸಾಯ್ತಿದ್ದೆ. ಊರ್ ಡಾಕ್ಟ್ರಿಗೆಲ್ಲ ಓದಿ ಅವ್ಳ್ ಮಾನ ಕಳೀಯಕ್ಕೆ ನೀ ಯಾರಮ್ಮಿ?"

ನಾನು ಯಾರು. ಮೂರೂವರೆ ತಿಂಗಳು ಬಕೆಟ್ಟು ಎತ್ತಿದವಳು. ಇನ್ನೊಂದು ಕೇಳು. ಮೊದಲ ಆಪರೇಷನ್ನಿಗೆ ಮುಂಚೆ ನಿನಗೆ ತಿಳಿಸಬೇಡ ಅಂದವರೂ ಅವರೇ. "ದೇವಿ ಎದರ್ಕತಾಳೆ" ಅಂದರು. ಆ ಬೈಗುಳವನ್ನೂ ನಾನೇ ತಿಂದೆ.

ನನ್ನದೂ ಒಂದು ತಪ್ಪಿದೆ, ಬರೆದುಬಿಡುತ್ತೇನೆ. ಆ ನಾಲ್ಕು ಸಾಲು ನುಂಗಬಾರದಿತ್ತು. ಓದಿದ್ದರೆ ಅವತ್ತೇ ಹೆದರುತ್ತಿದ್ದರು, ಅವತ್ತೇ ಉತ್ತರ ಹುಡುಕುತ್ತಿದ್ದೆ. ನಿನ್ನೆ ಮಣ್ಣಿನ ಕಾರ್ಯ ಮಾಡಿಸುವ ನಮ್ಮ ಅಯ್ನೋರು ಲಿಂಗಯ್ಯನವರನ್ನು ಕರೆಸಿ ಅತ್ತೆಯ ಎದುರಿಗೇ ಕೇಳಿದೆ. "ಲಕ್ವ ಒಡದೋರ್ನೂ ಕೂರ್ಸಿವ್ನಿ, ಕಾಲೇ ಇಲ್ದೋರ್ನೂ ಕೂರ್ಸಿವ್ನಿ. ಅದು ನಮ್ ಕೆಲ್ಸ ಕನ್ರವ್ವ. ಇರೋಗಂಟ ನೀವು ನಡೀರಿ" ಅಂದರು. ಹತ್ತು ನಿಮಿಷದ ಮಾತು. ಜನವರಿಯಲ್ಲೇ ಆಗಬಹುದಿತ್ತು.

ಸಾಕಾಯಿತು ನನಗೆ. ಶಾಲೆಗೆ ರಜೆ ಹಾಕಿ ಯುಗಾದಿಗೆ ಬದನಗುಪ್ಪೆಗೆ, ನನ್ನ ತವರಿಗೆ ಹೋಗುತ್ತಿದ್ದೇನೆ. ಎಂದು ಬರುತ್ತೇನೋ ಹೇಳಲಾರೆ. ನಿನ್ನಣ್ಣನಿಗೆ ಎರಡು ದಿನದ ಮೇಲೆ ರಜೆ ಇಲ್ಲ. ನೀನು ಬಾ. ಹೆತ್ತ ಮಗಳು, ನೀನೇ ನಡೆಸು.

ಗಂಗಾಂಬಿಕೆ

*

ಚಾಮರಾಜನಗರ
30-3-1998

ಬದನಗುಪ್ಪೆಯಲ್ಲಿರುವ ಅತ್ತಿಗೆಯವರಿಗೆ,

ನಿಮ್ಮ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬೇಳೆ ಡಬ್ಬ ಎಲ್ಲಿಟ್ಟಿದ್ದೀರೋ ಎರಡು ದಿನ ಸಿಗಲಿಲ್ಲ.

ಮೊದಲ ದಿನ ಅವ್ವ ಏಳಲೇ ಇಲ್ಲ. "ನಾಳಿಕ್ಕೆ ನಡೀತೀನಿ, ಇವತ್ತು ಬುಡು ಕಂದ" ಅಂದಳು. ಬಿಟ್ಟೆ. ಎರಡನೆಯ ದಿನ ಯುಗಾದಿ, ಹಬ್ಬದ ದಿನ ಬೇಡ ಅಂದಳು. ಬಿಟ್ಟೆ. ನಿನ್ನೆ ಕಾಲು ಮುಟ್ಟಿ ನೋಡಿದೆ. ಹಗುರ, ತಣ್ಣಗೆ, ನಾನು ಇಟ್ಟಲ್ಲೇ ಇರುತ್ತದೆ, ಅವಳು ಎತ್ತಲಾರಳು. ಆಗ ನನಗೆ ಹೆದರಿಕೆಯಾಯಿತು.

ಪಟ್ಟಿ ಕಟ್ಟಿ, ಎತ್ತಿ ನಿಲ್ಲಿಸಿ, ವಾಕರು ಹಿಡಿಸಿದೆ. ಹಿಂದೆ ನಿಂತೆ. ನಡಿ ಅವ್ವ ಅಂದೆ. ಅತ್ತಳು, ಬೇಡಿಕೊಂಡಳು, ನನ್ನನ್ನು ಹಡೆದ ಹೊಟ್ಟೆಗೆ ಬೆಂಕಿ ಬೀಳಲಿ ಅಂದಳು. ಬಿಡಲಿಲ್ಲ. ನಾನೂ ಅಳುತ್ತಿದ್ದೆ, ಅವಳಿಗೆ ಕಾಣದ ಹಾಗೆ. ಹನ್ನೊಂದು ಹೆಜ್ಜೆ ನಡೆಸಿದೆ, ಬಾಗಿಲವರೆಗೆ. ಇವತ್ತು ಬೆಳಿಗ್ಗೆ ಹದಿನೇಳು.

ನಿಮ್ಮ ಮೇಲಿನ ಸಿಟ್ಟು ನನಗೆ ಹೋಗಿಲ್ಲ. ಹೋಗುವುದೂ ಇಲ್ಲ ಅಂತ ಕಾಣುತ್ತದೆ. ಆದರೆ ನೀವು ಆ ಮಾತು ಬರೆದಿದ್ದಿರಲ್ಲ, ನೀ ಯಾರು ಅಂತ ಅವ್ವ ಕೇಳಿದಳು ಅಂತ, ಅದಕ್ಕೆ ನಾನು ಕಂಡದ್ದನ್ನು ಹೇಳಲೇಬೇಕು.

ಆ ಹದಿನೇಳು ಹೆಜ್ಜೆಗೂ ಅವ್ವ ಬೀದಿ ಬಾಗಿಲ ಕಡೆ ನೋಡಿಕೊಂಡು ಕೂಗಿದ್ದು ಒಂದೇ ಮಾತು. "ಗಂಗಾ, ಬಾ ತಾಯಿ, ಇವ್ಳು ನನ್ನ ಸಾಯಿಸ್ತಾವ್ಳೆ."

ದೇವಮ್ಮಣ್ಣಿ